ಹಲ್ಲು ಬೆವರುವುದಿಲ್ಲ

ನನ್ನ ಗಂಡ ಜಸಿಂತು ಸತ್ತ ಮೇಲೆ ಊರಿನವರು ಅವನನ್ನು ಕಲಾವಿದ ಎನ್ನತೊಡಗಿದ್ದಾರೆ. ಬದುಕಿದ್ದಾಗ ಇದೇ ಜನ ಇಗರ್ಜಿಯಲ್ಲಿ ಅವನು ಕೂತ ಬೆಂಚು ಬಿಟ್ಟು ಎರಡು ಬೆಂಚು ಹಿಂದೆ ಕೂರುತ್ತಿದ್ದರು. ಮದುವೆಮನೆಗಳಲ್ಲಿ ಅವನ ತಟ್ಟೆಯನ್ನು ಹೊರಗೆ ಅಂಜೂರದ ಮರದ ಕೆಳಗೆ ತಂದುಕೊಡುತ್ತಿದ್ದರು, ಅದೂ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡಿಕೊಂಡು. ನನಗೇನೂ ಬೇಸರವಾಗುತ್ತಿರಲಿಲ್ಲ. ನಾನೂ ಅವನ ಪಕ್ಕ ಕೂರುತ್ತಿರಲಿಲ್ಲ.

ಅವನು ನಾರುತ್ತಿದ್ದ. ಸತ್ತ ಗಂಡನ ಬಗ್ಗೆ ಹೆಂಡತಿ ಹೀಗೆ ಬರೆಯಬಾರದು ಎನ್ನುವವರು ಮೊದಲು ಅವನ ಅಂಗಿಗಳನ್ನು ಮೂವತ್ತೊಂದು ವರ್ಷ ಒಗೆದು ಬಂದು ಆಮೇಲೆ ಮಾತಾಡಲಿ.

ನಮ್ಮ ಪೀಕು ದ್ವೀಪದಲ್ಲಿ ತಿಮಿಂಗಿಲದ ವಾಸನೆ ಹತ್ತದ ಮನೆ ಆಗ ಇರಲಿಲ್ಲ ನಿಜ. ದಡಕ್ಕೆ ಎಳೆತಂದ ಪ್ರಾಣಿಯ ಕೊಬ್ಬನ್ನು ಕೊಪ್ಪರಿಗೆಗಳಲ್ಲಿ ಕಾಯಿಸುವ ವಾರ ರೊಟ್ಟಿಗೂ ಅದೇ ರುಚಿ, ಮಗುವಿನ ತಲೆಗೂ ಅದೇ ವಾಸನೆ. ಆದರೆ ವಾರ ಕಳೆದ ಮೇಲೆ ಉಳಿದ ಗಂಡಸರು ಮೈ ತಿಕ್ಕಿಕೊಂಡು ಮತ್ತೆ ಮನುಷ್ಯರಾಗುತ್ತಿದ್ದರು. ಜಸಿಂತುವಿನ ಕೆಲಸ ಶುರುವಾಗುತ್ತಿದ್ದದ್ದೇ ಆಗ. ದವಡೆ ಅವನ ಪಾಲಿಗೆ ಬಿಟ್ಟ ಕೆಲಸ.

ಮೂರು ಆಳುದ್ದದ ಆ ಕೆಳದವಡೆಯನ್ನು ಎತ್ತುಗಳಿಗೆ ಕಟ್ಟಿ ಎಳೆಸಿಕೊಂಡು ಬಂದು ನಮ್ಮ ಮನೆಯ ಹಿಂದೆ, ದ್ರಾಕ್ಷಿತೋಟದ ಗೋಡೆಯ ಪಕ್ಕ, ಕಪ್ಪು ಮರಳಿನಲ್ಲಿ ಹೂಳುತ್ತಿದ್ದ. ಒಂದು ಚಳಿಗಾಲ ಅದು ಅಲ್ಲಿ ಕೊಳೆಯಬೇಕು. ಹಸಿ ದವಡೆಯಿಂದ ಹಲ್ಲು ಕೀಳಲು ಹೋದರೆ ಹಲ್ಲು ಬಿರಿಯುತ್ತದೆ, ಕುದಿಸಿದರೂ ಬಿರಿಯುತ್ತದೆ. ವಸಂತದಲ್ಲಿ ಮರಳು ತೆಗೆದಾಗ ವಸಡು ಹಳಸಿದ ಗಂಜಿಯ ಹಾಗಾಗಿರುತ್ತಿತ್ತು, ಅದರ ತುಂಬ ಮಿಜಿಮಿಜಿ ಹುಳ. ಆ ಗಂಜಿಯೊಳಗೆ ಮೊಣಕೈವರೆಗೆ ಕೈಯಿಳಿಸಿ ಒಂದೊಂದೇ ಹಲ್ಲನ್ನು ಅಲ್ಲಾಡಿಸಿ ಎಳೆಯುತ್ತಿದ್ದ. ಪಚ್ ಎಂದು ಬರುತ್ತಿತ್ತು. ಆ ಸದ್ದು ನನಗೆ ಅಡುಗೆಮನೆಗೆ ಕೇಳಿಸುತ್ತಿತ್ತು. ನಾನು ಕೆಸವಿನ ಗಡ್ಡೆ ಸುಲಿಯುತ್ತ ಜಪಮಾಲೆಯ ಪ್ರಾರ್ಥನೆ ಜೋರಾಗಿ ಹೇಳಿಕೊಳ್ಳುತ್ತಿದ್ದೆ, ಭಕ್ತಿಯಿಂದಲ್ಲ.

ಅಷ್ಟಾದ ಮೇಲೆ ಜೇಬಿನ ತುಂಬ ಹಲ್ಲು ತುಂಬಿಕೊಂಡು ನೇರ ಊಟದ ಮೇಜಿಗೆ ಬರುತ್ತಿದ್ದ. "ನೋಡೇ ಲೌರಿಂದ, ಇದರ ಮೈ ನೋಡು" ಎಂದು ಸಾರಿನ ಪಾತ್ರೆಯ ಪಕ್ಕಕ್ಕೇ ಇಡುತ್ತಿದ್ದ.

"ಅದರ ಮೈ ನೋಡೋದಿರ್ಲಿ, ನಿನ್ನ ಕೈ ನೋಡು. ಆ ಉಗುರಲ್ಲಿ ಇರೋದು ಏನು, ಹೇಳು ನೋಡೋಣ?"

"ಏನೋ ಇದೆ ಬಿಡು. ತೊಳೆದರೆ ಹೋಗುತ್ತೆ."

ಹೋಗುತ್ತಿರಲಿಲ್ಲ. ಆಮೇಲೆ ವಾರಗಟ್ಟಲೆ ಅರದಿಂದ ಉಜ್ಜಿ, ನೀರಿನಲ್ಲಿ ತೇಲುವ ಹಗುರ ಕಲ್ಲಿನಿಂದ ತಿಕ್ಕಿ, ಒಲೆಯ ಬೂದಿ ಹಾಕಿ ಉಣ್ಣೆಯಿಂದ ಹೊಳಪು ಕೊಡುತ್ತಿದ್ದ. ಹಿಡಿಕೆ ಹಾಕಿದ ದಬ್ಬಣದಿಂದ ಅದರ ಮೇಲೆ ದೋಣಿ, ಅಲೆ, ಮನುಷ್ಯ, ಈಟಿ ಕೊರೆದು ಗೀರುಗಳಿಗೆ ಮಸಿ ಒರೆಸಿದರೆ ಚಿತ್ರ ಎದ್ದು ನಿಲ್ಲುತ್ತಿತ್ತು. ಅಷ್ಟು ಹೇಸಿಗೆಯೊಳಗಿನಿಂದ ಅಷ್ಟು ಬಿಳಿಯ ವಸ್ತು ಹೇಗೆ ಬರುತ್ತದೋ ನನಗೆ ಇವತ್ತಿಗೂ ತಿಳಿಯದು. ಅವನ ಕೈ ಚೆನ್ನಾಗಿತ್ತು. ಅದನ್ನು ಇಲ್ಲವೆಂದರೆ ನನ್ನ ನಾಲಿಗೆಗೆ ಹುಳ ಬೀಳಲಿ.

ದವಡೆಯ ಮೂಳೆಯನ್ನೂ ಅವನು ಬಿಡುತ್ತಿರಲಿಲ್ಲ. ರೊಟ್ಟಿ ಲಟ್ಟಿಸುವ ಉರುಳು, ಗುಂಡಿ, ಚಾಕುವಿನ ಹಿಡಿ ಮಾಡುತ್ತಿದ್ದ. ಆದರೆ ಮೂಳೆಗೆ ಬೇರೆಯೇ ಕಟ್ಟಳೆ. "ಹಲ್ಲು ಕಲ್ಲಿನ ಜಾತಿ, ಮೂಳೆ ಹತ್ತಿಯ ಜಾತಿ" ಎನ್ನುತ್ತಿದ್ದ. ಹಲ್ಲಿನೊಳಗೆ ಎಣ್ಣೆ ಇಳಿಯುವುದಿಲ್ಲ. ತಿಮಿಂಗಿಲದ ಮೂಳೆ ಮಾತ್ರ ಎಣ್ಣೆ ಕುಡಿದು ಕೂತಿರುತ್ತದೆ. ಅದನ್ನು ಮೂರು ವರ್ಷ ಬಿಸಿಲು ಮಳೆಗೆ ಎಸೆದು ಸೋಡ ಹಾಕಿ ಬೇಯಿಸಿದ ಮೇಲೆಯೇ ಮುಟ್ಟಬೇಕು, ಇಲ್ಲದಿದ್ದರೆ ಸೆಕೆ ಬಂದಾಗಲೆಲ್ಲ ಬೆವರುತ್ತದೆ. ಇಷ್ಟು ಚೆನ್ನಾಗಿ ತಿಳಿದಿದ್ದವನೇ ಆ ಕೆಲಸ ಮಾಡಿದ್ದು. ಅದಕ್ಕೇ ನನಗೆ ಅವನ ಮೇಲೆ ಇನ್ನೂ ಸಿಟ್ಟು.

ಆ ಕೆಲಸ ಏನೆಂದು ಹೇಳುವ ಮೊದಲು ಅಮಾರುವಿನ ವಿಷಯ ಹೇಳಬೇಕು. ಅಮಾರು ನಮ್ಮ ದೋಣಿಯ ಈಟಿಗಾರ, ಜಸಿಂತುವಿನ ಬಾಲ್ಯದ ಗೆಳೆಯ. ಅವನ ಹೆಂಡತಿ ಬೆಲ್ಮೀರ ನನ್ನ ದೊಡ್ಡ ಮಗಳ ಜ್ಞಾನಸ್ನಾನದ ತಾಯಿ, ಹಾಗಾಗಿ ನಾವಿಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುತ್ತಿದ್ದದ್ದು. ಒಂದು ಜೂನ್ ಬೆಳಗ್ಗೆ ಈಟಿ ತಾಗಿದ ತಿಮಿಂಗಿಲ ಕೆಳಗಿಳಿದಾಗ ಈಟಿಗೆ ಕಟ್ಟಿದ, ಸರಸರ ಓಡುತ್ತಿದ್ದ ಹಗ್ಗದ ಒಂದು ಸುರುಳಿ ಅಮಾರುವಿನ ಕಾಲಿಗೆ ಸಿಕ್ಕಿತು. ಹಗ್ಗ ಕಡಿಯುವ ಕೊಡಲಿ ಇದ್ದದ್ದು ಅದೇ ದೋಣಿಯಲ್ಲಿ ಹುಟ್ಟು ಹಾಕುತ್ತಿದ್ದ ಜಸಿಂತುವಿನ ಪಕ್ಕ. ಅವನು ಅದನ್ನು ಎತ್ತುವಷ್ಟರಲ್ಲಿ ದೋಣಿಯ ಮೂತಿಯಲ್ಲಿ ಯಾರೂ ಇರಲಿಲ್ಲ.

ಮೃಗ ಸಿಕ್ಕಿತು, ಅಮಾರು ಸಿಗಲಿಲ್ಲ.

ಇಂಥದ್ದಕ್ಕೆ ನಮ್ಮೂರಿನಲ್ಲಿ ಒಂದು ಪದ್ಧತಿ. ಮನುಷ್ಯನನ್ನು ತೆಗೆದುಕೊಂಡ ತಿಮಿಂಗಿಲದ ಎಲ್ಲಕ್ಕಿಂತ ದೊಡ್ಡ ಹಲ್ಲು ದೋಣಿಯವರ ಪಾಲಿಗೆ ಬರುವುದಿಲ್ಲ. ಅದರ ಮೇಲೆ ಅವನನ್ನೂ ಅವನ ದೋಣಿಯನ್ನೂ ಕೊರೆದು ವರ್ಷದ ಪೂಜೆಯ ದಿನ ಅವನ ಮನೆಗೆ ಕೊಡಬೇಕು. ದೇವರ ಗೂಡಿನಲ್ಲಿ ದೀಪದ ಪಕ್ಕ ಅದು ನಿಲ್ಲುತ್ತದೆ. ಹೆಣ ಸಿಗದ ಮನೆಗೆ ಅದೇ ಸಮಾಧಿ. ಸತ್ತವರ ದಿನ ಉಳಿದ ಹೆಂಗಸರು ಹೂ ಹಿಡಿದು ಗೋರಿಗೆ ಹೋದರೆ ಇಂಥ ಹೆಂಗಸರು ಗೂಡಿನ ಮುಂದೆ ಕೂರುತ್ತಾರೆ.

ಬೆಲ್ಮೀರ ಅವತ್ತು ದಡದಲ್ಲಿ ಅಳಲಿಲ್ಲ. ದವಡೆಯ ಹತ್ತಿರ ಹೋಗಿ ಆ ದೊಡ್ಡ ಹಲ್ಲಿಗೆ ಗೇಣು ಹಾಕಿ ನೋಡಿದಳು. ಅವಳ ಕೈಯೆಲ್ಲ ರಕ್ತವಾಯಿತು.

"ಇದು ನನ್ನದು, ಜಸಿಂತು."

"ನಿನ್ನದೇ ಬೆಲ್ಮೀರ. ಒಂದು ಚಳಿಗಾಲ ಕಳೀಲಿ. ವರ್ಷದ ಪೂಜೆ ಹೊತ್ತಿಗೆ ನಿನ್ನ ಗೂಡಲ್ಲಿರುತ್ತೆ."

ಆ ಚಳಿಗಾಲ ಜಸಿಂತುವಿನ ಬಾಯಿ ಕೊಳೆಯಿತು. ಮೊದಲೇ ಅರ್ಧ ಹಲ್ಲು ಹುಳುಕು, ಉಳಿದರ್ಧಕ್ಕೂ ಕೀವು ತುಂಬಿತು. ನೋವಿಗೆ ದಬ್ಬಣ ಜಾರುತ್ತಿತ್ತು. ಅಂಜೂರದ ಸಾರಾಯಿ ಬಾಯಿಗೆ ಹಾಕಿ ಮುಕ್ಕಳಿಸಿ ನುಂಗುತ್ತಿದ್ದ, ಉಗುಳಲು ಮನಸ್ಸು ಬರಬೇಕಲ್ಲ. ದವಡೆಯ ನಾತ ಹಿತ್ತಿಲಲ್ಲಾದರೂ ಇತ್ತು, ಇದು ದಿಂಬಿನ ಮೇಲೆ. ಒಂದು ದಿನ ನಾನು ಹೇಳಿಯೇಬಿಟ್ಟೆ.

"ಆ ಮೃಗದ್ದಾದರೂ ಮರಳಲ್ಲಿ ಹೂತಿಟ್ಟಿದೀಯ. ನಿನ್ನ ದವಡೆ ನನ್ನ ಮೂಗಿನ ಕೆಳಗೇ ಕೊಳೀತಿದೆ. ಹೊರ್ತಾ ಪೇಟೆಗೆ ಹೋಗಿ ಕೀಳಿಸ್ಕೊಂಡು ಬಾ. ಇಲ್ಲಾ ಆಡಿನ ಕೊಟ್ಟಿಗೇಲಿ ಮಲಕ್ಕೋ, ಅವು ಬೇಡ ಅನ್ನದೇ ಇದ್ರೆ."

"ಕೀಳಿಸ್ಕೊಂಡು ರೊಟ್ಟಿ ಯಾವುದರಲ್ಲಿ ಅಗೀಲಿ?"

"ಹಲ್ಲು ಕಟ್ಟಿಸ್ಕೋ. ಪೇಟೆ ಜನ ಕಟ್ಟಿಸ್ಕೊಳಲ್ವಾ?"

ಈ ಮಾತು ನನ್ನ ಬಾಯಿಂದಲೇ ಬಂದದ್ದು. ಮರೆತಿದ್ದೇನೆ ಎಂದು ಯಾರೂ ತಿಳಿಯಬೇಡಿ.

ಮರಳಿನಿಂದ ಆ ತಿಮಿಂಗಿಲದ ದವಡೆ ತೆಗೆದ ವಾರ ಅವನು ಕಾಲುವೆ ದಾಟುವ ದೋಣಿ ಹತ್ತಿ ಎದುರಿನ ದ್ವೀಪದ ಹೊರ್ತಾ ಪೇಟೆಗೆ ಹೋದ. ಎರಡು ಮೂರು ಸಲ ಹೋಗಿಬಂದ. ಕೊನೆಯ ಸಲ ಬಂದಾಗ ಬಾಯಿತುಂಬ ಹಲ್ಲು, ಸಾಲಾಗಿ, ಪಿಂಗಾಣಿ ತಟ್ಟೆಗಳ ಹಾಗೆ. ಮಾತಾಡಿದರೆ ಟಕ್ ಟಕ್ ಎನ್ನುತ್ತಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ, ಅವನೂ ನಕ್ಕ. ಹದಿನೇಳು ವರ್ಷದಲ್ಲಿ ಮೊದಲ ಬಾರಿಗೆ ಮುಖ ತಿರುಗಿಸದೆ ಆ ಬಾಯಿಗೆ ಮುತ್ತಿಟ್ಟೆ. ಈಗ ನೆನೆದರೆ ತುಟಿಯನ್ನು ಬೂದಿ ಹಾಕಿ ತಿಕ್ಕಿಕೊಳ್ಳಬೇಕು ಅನ್ನಿಸುತ್ತದೆ.

ಮೂರನೆಯ ದಿನ ಅವನು ಕೆಲಸ ಮಾಡುವ ಕೊಟ್ಟಿಗೆಯಿಂದ ಗರಗಸದ ಸದ್ದು ಬಂತು, ಅದರ ಹಿಂದೆಯೇ ಸುಟ್ಟ ಕೂದಲಿನಂಥ ವಾಸನೆ. ಹಸಿ ಮೂಳೆ ಕೊಯ್ದಾಗ ಬರುವ ವಾಸನೆ ಅದು. ಹೋಗಿ ನೋಡಿದರೆ ಆ ದವಡೆಯದೇ ಒಂದು ತುಂಡು ಇಕ್ಕಳಕ್ಕೆ ಸಿಕ್ಕಿಸಿ ಅರ ಹಾಕುತ್ತಿದ್ದ. ತುಂಡಿಗೆ ಹಲ್ಲಿನ ಆಕಾರ ಬರುತ್ತಿತ್ತು. ಒಂದು ಗೇಣು ಉದ್ದ.

"ಇದೇನು?"

ಅವನು ತಲೆ ಎತ್ತಲಿಲ್ಲ. "ಬೆಲ್ಮೀರಂದು."

"ಅವಳ ಹಲ್ಲೆಲ್ಲಿ?"

ಸ್ವಲ್ಪ ಹೊತ್ತು ಅರ ಉಜ್ಜಿದ. ಆಮೇಲೆ ಬಾಯಿ ತೆರೆದು ಬೆರಳಿನಿಂದ ತೋರಿಸಿದ. ಆ ಹೊಳೆಯುವ ಪಿಂಗಾಣಿ ಸಾಲನ್ನು.

ಹೊರ್ತಾದ ಹಲ್ಲಿನ ವೈದ್ಯನಿಗೆ ತನ್ನ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ದೊಡ್ಡದೊಂದು ತಿಮಿಂಗಿಲದ ಹಲ್ಲು ಇಡುವ ಹುಚ್ಚು. ಉಳಿದ ಹಲ್ಲುಗಳೆಲ್ಲ ದೋಣಿಯವರಿಗೆ ಪಾಲಾಗಿ ಹೋಗಿದ್ದವು. ಜಸಿಂತುವಿನ ಪಾಲಿಗೆ ಬಂದದ್ದು ದವಡೆಯ ಕೊನೆಯ ಎರಡು ಪುಟ್ಟ ಹಲ್ಲು, ಅವನ್ನು ವೈದ್ಯ ಮೂಸಿಯೂ ನೋಡಲಿಲ್ಲ. ದೊಡ್ಡದು ಕೊಡು, ಬಾಯಿತುಂಬ ಹಲ್ಲು ಕಟ್ಟಿಕೊಡುತ್ತೇನೆ ಎಂದ. ಇವನು ಕೊಟ್ಟ.

"ಥೂ! ಸತ್ತವನ ಗೋರಿ ಮಾರಿ ರೊಟ್ಟಿ ಅಗೀತೀಯಾ?"

"ಅದೇ ಮೃಗ ಅಲ್ವಾ ಲೌರಿಂದ. ಅದೇ ದವಡೆ. ಹಲ್ಲು ಅದರೊಳಗೇ ಇತ್ತು, ಇದು ಒಂದು ಬೆರಳು ಆಚೆ. ಅವಳಿಗೇನು ಗೊತ್ತಾಗುತ್ತೆ?"

"ಮೂಳೆ ಮೂರು ವರ್ಷ ಮಳೇಲಿ ಬಿದ್ದಿರಬೇಕು ಅಂತ ನೀನೇ ಹೇಳ್ತಿದ್ದೆಯಲ್ಲ?"

"ಪೂಜೆಗೆ ಉಳಿದಿರೋದು ಇಪ್ಪತ್ತು ದಿನ" ಎಂದ. "ಬೇಯಿಸಿದೀನಿ. ಎರಡು ಸಲ."

ಆಗಲೇ ನಾನು ಬೆಲ್ಮೀರಳ ಮನೆಗೆ ಹೋಗಿ ಹೇಳಬೇಕಿತ್ತು. ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಟೂ ಹೊರಟೆ, ಬೇಲಿಯವರೆಗೆ. ಅಲ್ಲಿ ನಿಂತಾಗ ಅವಳು ಕೇಳುವ ಮೊದಲ ಪ್ರಶ್ನೆ ಏನೆಂದು ಹೊಳೆಯಿತು. ಹಲ್ಲು ಕಟ್ಟಿಸಿಕೋ ಎಂದು ಅವನಿಗೆ ಹೇಳಿದ್ದು ಯಾರು? ವಾಪಸು ಬಂದು ಸಾರಿಗೆ ಉಪ್ಪು ಹಾಕಿದೆ.

ಪೂಜೆಯ ದಿನ ದೋಣಿಯವರೆಲ್ಲ ಕರಿ ಕೋಟು ತೊಟ್ಟು ಆ ಮೂಳೆಯ ಹಲ್ಲನ್ನು ಬೆಲ್ಮೀರಳ ಕೈಗಿಟ್ಟರು. ನಿಜವಾದ ಹಲ್ಲಿಗಿರುವ ಬುಡದ ಟೊಳ್ಳು ಇದಕ್ಕಿಲ್ಲವೆಂದು ಯಾರಿಗೂ ಕಾಣದ ಹಾಗೆ ದೇವದಾರಿನ ಪೀಠಕ್ಕೆ ಕೂರಿಸಿದ್ದ. ಮೈಮೇಲೆ ನಮ್ಮ ದೋಣಿ, ಅದರ ಮೂತಿಯಲ್ಲಿ ಈಟಿ ಹಿಡಿದ ಅಮಾರು. ಮುಖ ಸಮುದ್ರಕ್ಕಲ್ಲ, ದಡಕ್ಕೆ ತಿರುಗಿದೆ, ಯಾರನ್ನೋ ಹುಡುಕುವ ಹಾಗೆ. ಕಣ್ಣನ್ನು ಮಾತ್ರ ದಬ್ಬಣ ಆಳಕ್ಕೆ ಇಳಿಸಿ ಕೊರೆದಿದ್ದ. ನನ್ನ ಗಂಡ ತನ್ನ ಜನ್ಮದಲ್ಲಿ ಮಾಡಿದ ಕೆಲಸಗಳಲ್ಲೆಲ್ಲ ಅದೇ ಚೆಂದದ್ದು, ಅದನ್ನು ಮಾಡಿದ್ದು ಸುಳ್ಳಿನ ಮೇಲೆ. ಬೆಲ್ಮೀರ ಅದನ್ನು ಎದೆಗೊತ್ತಿಕೊಂಡು ವರ್ಷದ ಮೇಲೆ ಮೊದಲ ಸಲ ಅತ್ತಳು. ಜಸಿಂತು ಹೊಸ ಹಲ್ಲು ಕಚ್ಚಿಕೊಂಡು ನಿಂತಿದ್ದ.

ಎರಡು ಬೇಸಿಗೆ ಏನೂ ಆಗಲಿಲ್ಲ. ಮೂರನೆಯ ಆಗಸ್ಟ್‌ನಲ್ಲಿ ಗಾಳಿ ಸತ್ತು ಹೋಗಿ ಹಸಿಬಟ್ಟೆ ಮುಖಕ್ಕೆ ಕಟ್ಟಿದಂಥ ಸೆಕೆ. ಒಂದು ಮಧ್ಯಾಹ್ನ ಬೆಲ್ಮೀರ ಬರಿಗಾಲಲ್ಲಿ ಓಡಿಬಂದಳು.

"ಕೊಮಾದ್ರೆ! ಅಮಾರು ಅಳ್ತಿದಾನೆ!"

"ಯಾವ ಅಮಾರು?"

"ನನ್ನ ಅಮಾರು ಕಣೇ, ಇನ್ಯಾರು! ಬಾ, ಬಂದು ನೋಡು."

ಹೋದೆ. ಗೂಡಿನಲ್ಲಿ ಆ ಮೂಳೆ ಬೆಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಕಣ್ಣು ಕೊರೆದ ತೂತಿನಿಂದ ಹಳದಿ ಎಣ್ಣೆಯ ಹನಿಯೊಂದು ಹೊರಟು ಅಮಾರುವಿನ ಕೆನ್ನೆಯ ಮೇಲೆ ನಿಂತಿತ್ತು. ನೋಡುತ್ತಿದ್ದಂತೆ ಗಡ್ಡಕ್ಕೆ ಇಳಿಯಿತು. ಅದೇ ಕಮಟು, ಹಿತ್ತಿಲಿನ ಕಮಟು. ಬೆಲ್ಮೀರ ಮೂಗನ್ನು ಅದಕ್ಕೇ ತಾಗಿಸಿ ಕಣ್ಣು ಮುಚ್ಚಿದಳು.

"ಅವನದೇ ವಾಸನೆ ಕೊಮಾದ್ರೆ. ಸಂಜೆ ಮನೆಗೆ ಬಂದಾಗ ಬರ್ತಿತ್ತಲ್ಲ, ಅದೇ."

ನನ್ನ ಗಂಡನ ಮೈಯಲ್ಲಿ ನಾನು ಯಾವ ವಾಸನೆಗೆ ಹೇಸುತ್ತಿದ್ದೆನೋ ಅದೇ ವಾಸನೆಗೆ ಇವಳು ಮೂರು ವರ್ಷದಿಂದ ಹಸಿದಿದ್ದಳು. ಕಡಲೆ ಇದ್ದವರಿಗೆ ಹಲ್ಲಿಲ್ಲ, ಹಲ್ಲಿದ್ದವರಿಗೆ ಕಡಲೆ ಇಲ್ಲ ಎನ್ನುವುದು ಸುಮ್ಮನೆ ಅಲ್ಲ.

ಸಂಜೆಯೊಳಗೆ ಓಣಿಯೆಲ್ಲ ಜನ. ಹೆಂಗಸರು ಹತ್ತಿಯಲ್ಲಿ ಆ ಎಣ್ಣೆಯನ್ನು ಒತ್ತಿ ಮಂಡಿಗೆ, ಕಣ್ಣಿಗೆ, ಮಗುವಿನ ಎದೆಗೆ ಸವರಿಕೊಂಡರು. ಒಬ್ಬಳು ನಾಲಿಗೆಗೂ ಇಟ್ಟುಕೊಂಡಳು, ನಾನು ಕಣ್ಣಾರೆ ಕಂಡೆ. ದೋಣಿಯವರಲ್ಲಿ ಎಲುಬಿನ ಗುಣ ತಿಳಿದವರು ನಾಲ್ಕೈದು ಜನರಾದರೂ ಇದ್ದರು. ಅವರು ಟೋಪಿ ತೆಗೆದು ನೆಲ ನೋಡುತ್ತ ನಿಂತರು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ದಿನವೂ ಗುಡ್ಡದ ಮೇಲೆ ಕೂತು ತಿಮಿಂಗಿಲ ಬರುವುದನ್ನು ಕಾಯುತ್ತಿದ್ದ ಮುದುಕ ಕಿಂತೀನಜ್ಜ ಮಾತ್ರ ಒಂದು ಹತ್ತಿಯ ಉಂಡೆ ಇಸಿದುಕೊಂಡು ಮೂಸಿದ, ಇನ್ನೊಮ್ಮೆ ಮೂಸಿದ, ಜಸಿಂತುವಿನ ಕಡೆ ತಿರುಗಿದ.

"ಏನಪ್ಪಾ ಮೇಸ್ತ್ರಿ, ನಿನ್ನ ಹೊಸ ಹಲ್ಲು ಹೇಗಿದಾವೆ? ಚೆನ್ನಾಗಿ ಕಚ್ತಾವಾ?"

ಜಸಿಂತು ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಜನರಿಗೆ ಅರ್ಥವಾಗಲಿಲ್ಲ, ನಕ್ಕರು.

ಭಾನುವಾರ ಪಾದ್ರಿಗಳೇ ಬಂದರು. ಅವರು ಸುಮ್ಮನೆ ನಂಬುವ ಮನುಷ್ಯರಲ್ಲ. ಗೂಡು ಪರೀಕ್ಷಿಸಿದರು, ದೀಪದ ಎಣ್ಣೆ ಸಿಡಿಯುತ್ತದೆಯೇ ಎಂದು ದೀಪ ದೂರ ಇಟ್ಟು ನೋಡಿದರು, ಬೆಲ್ಮೀರಳ ಕೈ ಮೂಸಿದರು. ಆಮೇಲೆ ಜಸಿಂತುವನ್ನು ಕರೆಸಿದರು. ಕರೆ ಬಂದಾಗ ಅವನು ಮನೆಯಲ್ಲಿ ಅಂಗಿ ಬದಲಿಸುತ್ತ ನನ್ನ ಕಡೆ ನೋಡದೆ ಹೇಳಿದ, "ಇವತ್ತು ಹೇಳಿಬಿಡ್ತೀನಿ."

"ಹೇಳು. ಹೇಳಿ ಮನುಷ್ಯನಾಗು" ಎಂದೆ. ಮನಸ್ಸಿನಿಂದಲೇ ಅಂದೆ. ಅವನ ಹಿಂದೆ ನಾನೂ ಹೋದೆ.

ಮನೆಯೊಳಗೆ ಕಾಲಿಡಲು ಜಾಗವಿರಲಿಲ್ಲ. ಬೆಲ್ಮೀರ ಗೂಡಿನ ಪಕ್ಕ ಕೂತಿದ್ದಳು, ಮಡಿಲಲ್ಲಿ ಎರಡೂ ಕೈ.

"ಜಸಿಂತು, ಹಲ್ಲಿನ ವಿಷಯ ನಿನಗಿಂತ ಚೆನ್ನಾಗಿ ತಿಳಿದೋರು ಈ ಊರಲ್ಲಿಲ್ಲ" ಎಂದರು ಪಾದ್ರಿಗಳು. "ದೇವರ ಮುಂದೆ ಹೇಳಬೇಕು. ತಿಮಿಂಗಿಲದ ಹಲ್ಲು ತಾನಾಗೇ ಎಣ್ಣೆ ಬಿಡೋದುಂಟಾ?"

ಜಸಿಂತು ಟೋಪಿಯನ್ನು ಕೈಯಲ್ಲಿ ಹಿಂಡಿದ. "ಇಲ್ಲ ಪಾದ್ರಿಗಳೇ" ಎಂದ. ಗಟ್ಟಿಯಾಗಿಯೇ ಎಂದ. "ಹಲ್ಲು ಬೆವರೋದಿಲ್ಲ. ನಲವತ್ತು ವರ್ಷದಿಂದ ಕೀಳ್ತಿದೀನಿ, ಒಂದೂ ಬೆವರಿಲ್ಲ. ಇದು ಹಲ್ಲಾಗಿದ್ರೆ..."

ಮುಂದಿನ ಮಾತು ಅವನ ಬಾಯಲ್ಲೇ ಉಳಿಯಿತು. ಬೆವರೋದಿಲ್ಲ ಎಂಬಲ್ಲಿಗೇ ಮನೆ ತುಂಬ ಕೂಗೆದ್ದಿತು. ಮೇಸ್ತ್ರಿಯೇ ಹೇಳಿಬಿಟ್ಟ, ಹಲ್ಲು ಬೆವರುವುದಿಲ್ಲ, ಹಾಗಾದರೆ ಇದು ಬೆವರಲ್ಲ, ಕಣ್ಣೀರು! ಹೆಂಗಸರು ದಬದಬನೆ ಮಂಡಿಯೂರಿದರು. ಪಾದ್ರಿಗಳು ಶಿಲುಬೆಯ ಗುರುತು ಮಾಡಿಕೊಂಡರು. ಬೆಲ್ಮೀರ ಎದ್ದು ಬಂದು ಜಸಿಂತುವಿನ ಎರಡೂ ಕೈ ಹಿಡಿದು, ಹುಳದ ಗಂಜಿಯಲ್ಲಿ ಆಡಿದ ಆ ಕೈಗಳನ್ನು ತುಟಿಗೊತ್ತಿಕೊಂಡಳು.

ಅವನು ಮತ್ತೆ ಬಾಯಿ ತೆರೆಯಬಹುದಿತ್ತು. ಗದ್ದಲ ಇಳಿಯುವವರೆಗೆ ಕಾದು ಇನ್ನೊಂದು ವಾಕ್ಯ ಹೇಳಿದ್ದರೆ ಆಗುತ್ತಿತ್ತು. ನಾನು ಬಾಗಿಲ ಬಳಿಯಿಂದ ಅವನನ್ನೇ ನೋಡುತ್ತಿದ್ದೆ. ಅವನು ಟೋಪಿ ತಲೆಗಿಟ್ಟುಕೊಂಡು ಹೊರಗೆ ನಡೆದ, ಅಷ್ಟೆ. ಸುಳ್ಳು ಹೇಳಿ ಬಚಾವಾದವರನ್ನು ಕಂಡಿದ್ದೇನೆ. ನಿಜ ಹೇಳಿ ಬಚಾವಾದ ಹೇಡಿಯನ್ನು ಅವತ್ತೇ ಕಂಡದ್ದು.

ಮನೆಗೆ ಬಂದು ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಹಂದಿ ಎಂದೆ, ಹೆಣ ತಿನ್ನುವ ಕಾಗೆ ಎಂದೆ. ಅವನು ಹಲ್ಲು ಸೆಟ್ಟನ್ನು ಬಾಯಿಂದ ತೆಗೆದು ಲೋಟದಲ್ಲಿ ಹಾಕಿ ನೀರು ಹೊಯ್ದು ಕಪಾಟಿನ ಮೇಲಿಟ್ಟ. ಅವತ್ತಿನಿಂದ ಅದನ್ನು ತೊಡಲಿಲ್ಲ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಬಟಾಟೆಯನ್ನು ಕಿವುಚಿ, ಕೂಸಿನ ಹಾಗೆ ಚಪ್ಪರಿಸಿ ತಿನ್ನುತ್ತಿದ್ದ. ನಾನು ಎದುರಿಗೆ ಕೂತು ಆ ಚಪ್ಪರಿಕೆ ಕೇಳುತ್ತಿದ್ದೆ. ಪ್ರಾಯಶ್ಚಿತ್ತವಂತೆ. ಪ್ರಾಯಶ್ಚಿತ್ತ ಅವನದು, ಶಿಕ್ಷೆ ನನಗೆ.

ಹೀಗೆ ಹದಿಮೂರು ವರ್ಷ. ಪ್ರತಿ ಆಗಸ್ಟ್‌ನಲ್ಲಿ ಅಮಾರು ಅಳುತ್ತಿದ್ದ. ಸುತ್ತಲಿನ ಊರುಗಳಿಂದ ಕುಂಟರು ಕುರುಡರು ಬಂದು ಬೆಲ್ಮೀರಳ ಜಗುಲಿಯಲ್ಲಿ ಕಾಯುತ್ತಿದ್ದರು. ಅವಳು ಯಾರಿಂದಲೂ ಒಂದು ಮೊಟ್ಟೆ ಕೂಡ ತೆಗೆದುಕೊಳ್ಳಲಿಲ್ಲ. ವಿಧವೆಯ ಮುಖ ಬಿಟ್ಟುಹೋಗಿ ಅವಳಿಗೆ ಮದುವಣಗಿತ್ತಿಯ ಮುಖ ಬಂದಿತ್ತು. "ನಿನ್ನವನು ಬದುಕಿದಾನೆ, ಒಂದು ಮಾತಾದರೂ ಆಡ್ತಾನಾ?" ಎಂದು ನನ್ನನ್ನು ಛೇಡಿಸುತ್ತಿದ್ದಳು. "ನನ್ನವನು ನೋಡು, ಸತ್ತು ಇಷ್ಟು ವರ್ಷವಾದರೂ ನನಗಾಗಿ ಅಳ್ತಾನೆ."

ಅಷ್ಟರಲ್ಲಿ ತಿಮಿಂಗಿಲ ಹಿಡಿಯುವುದೂ ಕಡಿಮೆಯಾಗುತ್ತ ಬಂತು. ಜಸಿಂತುವಿನ ಎದೆಯೊಳಗೆ ಮೂಳೆಯ ಪುಡಿ ಕೂತು ಕೆಮ್ಮು ಹಿಡಿಯಿತು. ಕೊನೆಯ ಚಳಿಗಾಲ ಹಾಸಿಗೆ ಬಿಟ್ಟು ಏಳಲಿಲ್ಲ. ಒಂದು ಬೆಳಗ್ಗೆ ಬೆಲ್ಮೀರ ಆ ಗೂಡಿನ ವಸ್ತುವನ್ನು ಶಾಲಿನಲ್ಲಿ ಸುತ್ತಿಕೊಂಡು ಬಂದಳು. ಜೊತೆಗೆ ಬೇಸಿಗೆಯಲ್ಲಿ ಕೂಡಿಟ್ಟ ಹತ್ತಿ.

"ಎದೆಗೆ ಸವರ್ತೀನಿ ಕೊಮಾದ್ರೆ. ಗೆಳೆಯನಿಗೆ ಇಷ್ಟಾದರೂ ಮಾಡದೇ ಇರ್ತಾನಾ ಅಮಾರು?"

ಹತ್ತಿ ಮೂಗಿನ ಬಳಿ ಬಂದಾಗ ಜಸಿಂತು ಮುಖ ಗೋಡೆಗೆ ತಿರುಗಿಸಿದ. ಆಮೇಲೆ ನನಗೆ ಕೈಸನ್ನೆ ಮಾಡಿದ, ಕಪಾಟಿನ ಕಡೆ. ಹಲ್ಲು ಬೇಕಂತೆ. ಲೋಟ ತಂದುಕೊಟ್ಟೆ. ನೀರು ಪಾಚಿಗಟ್ಟಿತ್ತು. ಅದನ್ನು ತೊಳೆಯಲೂ ಬಿಡದೆ ಬಾಯಿಗೆ ಸಿಕ್ಕಿಸಿಕೊಂಡ. ವಸಡು ಒಣಗಿದ್ದರಿಂದ ಸರಿಯಾಗಿ ಕೂರಲಿಲ್ಲ, ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡೇ ಮಾತಾಡಿದ. ಒಂದೊಂದು ಪದವೂ ಸ್ಪಷ್ಟ.

"ಬೆಲ್ಮೀರ, ಅದು ಹಲ್ಲಲ್ಲ. ದವಡೆ ಮೂಳೆ. ಹಲ್ಲು ನಾನು ಮಾರ್ಕೊಂಡೆ. ಇಕೋ, ಇದಕ್ಕೆ."

ಬೆಲ್ಮೀರ ಹತ್ತಿ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದಳು. ನಿಧಾನವಾಗಿ ನನ್ನ ಕಡೆ ತಿರುಗಿದಳು. ಅವಳ ಬಣ್ಣ ಹೋಗಿತ್ತು. ಆ ಮುಖದಲ್ಲಿ ಮತ್ತೆ ಆ ಜೂನ್ ಬೆಳಗಿನ ದಡ ಕಂಡಿತು ನನಗೆ.

"ಏನು ಹೇಳ್ತಿದಾನೆ ಕೊಮಾದ್ರೆ ಇವನು?"

ಹದಿಮೂರು ವರ್ಷ ಅವನನ್ನು ಹೇಡಿ ಎಂದವಳು ನಾನು. ಹೇಳಿ ಮನುಷ್ಯನಾಗು ಎಂದವಳು ನಾನು. ಅವನು ಹೇಳಿದ್ದ.

"ಜ್ವರ" ಎಂದೆ. "ಮೂರು ದಿನದಿಂದ ತಲೆಗೇರಿದೆ. ನಿನ್ನೆ ನನ್ನನ್ನೇ 'ಯಾರಮ್ಮ ನೀನು' ಅಂದ."

ಬೆಲ್ಮೀರಳ ಮುಖಕ್ಕೆ ರಕ್ತ ಮರಳಿತು. "ಪಾಪ" ಎಂದು ಹತ್ತಿಯನ್ನು ಅವನ ಎದೆಗೆ ಒತ್ತಿದಳು, ಹಣೆಗೆ ಒತ್ತಿದಳು, ತುಟಿಗೂ ಸವರಿದಳು. ಜಸಿಂತು ನನ್ನನ್ನೇ ನೋಡುತ್ತಿದ್ದ. ನಾನು ಅವನನ್ನು ಎಷ್ಟೋ ಸಲ ನೋಡಿದ್ದ ನೋಟ ಅದು, ಆ ಹೇಸಿಗೆ. ನನಗೆ ಗುರುತು ಸಿಗದೆ ಇರುತ್ತದೆಯೇ? ಎರಡು ದಿನದ ಮೇಲೆ ತೀರಿಕೊಂಡ. ಹಲ್ಲು ಅವನ ಬಾಯಲ್ಲೇ ಇತ್ತು, ನಾನು ತೆಗೆಯಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮೂಳೆಯೊಳಗಿನ ಎಣ್ಣೆಗೂ ಒಂದು ಕೊನೆಯಿದೆ. ಅವನು ಹೋದ ಎರಡನೆಯ ಆಗಸ್ಟ್‌ನಲ್ಲಿ ಅಮಾರು ಅಳಲಿಲ್ಲ. ಮರುವರ್ಷವೂ ಇಲ್ಲ. ಜನ ಬರುವುದು ನಿಂತಿತು, ಅದರ ಚಿಂತೆ ಬೆಲ್ಮೀರಳಿಗೆ ಇರಲಿಲ್ಲ. ಅವಳು ಊಟ ಬಿಟ್ಟಳು. "ಅವನಿಗೆ ನಾನು ಮರೆತುಹೋದೆ ಕೊಮಾದ್ರೆ" ಎಂದು ಗೂಡಿನ ಕಡೆ ಬೆನ್ನು ಹಾಕಿ ಮಲಗಿಬಿಟ್ಟಳು. ಸಾರು ಕುಡಿಸಲು ಹೋದರೆ ಹಲ್ಲು ಕಚ್ಚಿಕೊಳ್ಳುತ್ತಿದ್ದಳು.

ನಾನು ಜಸಿಂತುವಿನ ಕೊಟ್ಟಿಗೆಯ ಬೀಗ ತೆಗೆದೆ. ಮೂಲೆಯಲ್ಲಿ ಅವನ ಡಬ್ಬಿ ಇತ್ತು, ತಳದಲ್ಲಿ ಎರಡು ಬೆರಳಿನಷ್ಟು ಹಳೆಯ ತಿಮಿಂಗಿಲದ ಎಣ್ಣೆ, ಕಂದು ಬಣ್ಣಕ್ಕೆ ತಿರುಗಿ ಮಂದವಾಗಿತ್ತು. ಮುಚ್ಚಳ ತೆಗೆದ ಕೂಡಲೇ ಹೊರಗೆ ಓಡಿಹೋಗಿ ಕಾರಿದೆ. ಬಾಯಿ ತೊಳೆದುಕೊಂಡು ಮತ್ತೆ ಒಳಗೆ ಹೋದೆ. ಅವನ ದಬ್ಬಣವನ್ನು ಅದರಲ್ಲಿ ಅದ್ದಿಕೊಂಡು, ಬೆಲ್ಮೀರ ನಿದ್ದೆಯಲ್ಲಿದ್ದ ಮಧ್ಯಾಹ್ನ, ಅಮಾರುವಿನ ಕಣ್ಣಿನ ತೂತಿಗೆ ಹನಿಹನಿಯಾಗಿ ಇಳಿಸಿದೆ. ಆಮೇಲೆ ಅವಳನ್ನು ಎಬ್ಬಿಸಿದೆ.

ಆರು ವರ್ಷ ಈ ಕೆಲಸ ಮಾಡಿದೆ, ಪ್ರತಿ ಆಗಸ್ಟ್, ಶನಿವಾರದ ಮಧ್ಯಾಹ್ನ. ಹೋದ ಚಳಿಗಾಲ ಬೆಲ್ಮೀರ ಸತ್ತಳು. ಮೈ ತೊಳೆಸಿದವಳು ನಾನೇ, ಅದನ್ನು ಅವಳ ಕೈಗಳ ನಡುವೆ ಇಟ್ಟವಳೂ ನಾನೇ. ಪೆಟ್ಟಿಗೆ ಮುಚ್ಚುವಾಗ ಅಮಾರುವಿನ ಕೆನ್ನೆ ಒದ್ದೆಯಿತ್ತು, ಅವತ್ತು ಬೆಳಗ್ಗೆ ಹೋಗಿ ಹಾಕಿ ಬಂದಿದ್ದೆ.

ಈಗ ಇಗರ್ಜಿಯಲ್ಲಿ ನಾನು ಕೂತ ಬೆಂಚಿನಲ್ಲಿ ಬೇರೆ ಯಾರೂ ಕೂರುವುದಿಲ್ಲ. ಮೊದಮೊದಲು ವಯಸ್ಸಾಯಿತಲ್ಲ, ಗೌರವಕ್ಕೆ ಜಾಗ ಬಿಡುತ್ತಾರೆ ಎಂದುಕೊಂಡಿದ್ದೆ. ಹೋದ ಭಾನುವಾರ ಮೊಮ್ಮಗಳು ಮೂಗು ಮುಚ್ಚಿಕೊಂಡು ಹೇಳಿದಳು, "ಅಜ್ಜೀ, ನಿನ್ನ ಕೈ ತಾತನ ಕೊಟ್ಟಿಗೆ ಥರ ನಾರುತ್ತೆ."

ಬೂದಿ ಹಾಕಿ ತಿಕ್ಕಿದೆ. ಹೋಗಲಿಲ್ಲ.